ಹುಲಿಯ ಬಾಯಿಯ ಸುಭಾಷಿತ

ಹೊರನಾಡಿನ ಕನ್ನಡ ಸಂಘಗಳ ವಾರ್ಷಿಕ ಕಾರ್ಯಕ್ರಮಗಳಲ್ಲಿ ಮಕ್ಕಳ ಸುಭಾಷಿತ ಕಂಠಪಾಠಕ್ಕೆ ಒಂದು ಖಾಯಂ ಸ್ಥಾನವಿದೆ. ಕೋಲ್ಕತ್ತೆಯಲ್ಲಿಯೂ ಹಾಗೆಯೇ. ಮನೆಯಲ್ಲಿ ಕನ್ನಡವನ್ನು ಅರೆಬರೆಯಾಗಿ ಕೇಳಿ, ಬೀದಿಯಲ್ಲಿ ಬಂಗಾಳಿಯನ್ನೂ ಶಾಲೆಯಲ್ಲಿ ಇಂಗ್ಲಿಷನ್ನೂ ಸಂಪೂರ್ಣವಾಗಿ ಕೇಳಿ ಬೆಳೆಯುವ ನಮ್ಮ ಮಕ್ಕಳು ವೇದಿಕೆಯೇರಿ, ಕೈಜೋಡಿಸಿ, ಐದಾರು ಸಂಸ್ಕೃತ ಪದ್ಯಗಳನ್ನು ಒಪ್ಪಿಸುತ್ತಾರೆ. ತಾಯ್ತಂದೆಗಳು ಮುಂದಿನ ಸಾಲಿನಲ್ಲಿ ಕುಳಿತು ತುಟಿಯಾಡಿಸುತ್ತಾರೆ. ಬಂಗಾಳಿಯ ಅಭ್ಯಾಸಬಲದಿಂದ ವಕಾರವನ್ನು ಬಕಾರವಾಗಿ ಉಚ್ಚರಿಸಿದ ಮಗುವಿಗೆ ತೀರ್ಪುಗಾರರು ಒಂದು ಅಂಕ ಕಳೆಯುತ್ತಾರೆ. ಇದರಲ್ಲಿ ನನಗೆ ತಕರಾರಿಲ್ಲ. ತಕರಾರಿರುವುದು ಪದ್ಯವನ್ನು ಅದನ್ನಾಡಿದ ಬಾಯಿಂದ ಕಿತ್ತು ತೆಗೆದು, ತೊಳೆದು, ಮಗುವಿನ ಬಾಯಿಗೆ ಹಾಕುವ ನಮ್ಮ ಪದ್ಧತಿಯ ಬಗ್ಗೆ. ಸಂಸ್ಕೃತ ಕಾವ್ಯದ ನೀತಿಬೋಧೆ ಸಹಸ್ರಾರು ವರ್ಷ ಬಾಳಿದ್ದು ಈ ರೀತಿಯಿಂದಲ್ಲ. ಇದನ್ನು ಸಾಧಿಸಲು ಬೇಕಾದ ಸಾಮಗ್ರಿಯನ್ನು ಹುಡುಕಿ ಕಾಶಿಗೋ ಕಾಶ್ಮೀರಕ್ಕೋ ಹೋಗಬೇಕಾಗಿಲ್ಲ. ಬಹುಪಾಲು ಈ ಬಂಗಾಳದ ನೆಲದಲ್ಲಿಯೇ ಇದೆ, ಅದರಲ್ಲಿ ಕೆಲವಂಶ ನಮ್ಮ ಕಡೆಯಿಂದಲೇ ಇಲ್ಲಿಗೆ ಬಂದದ್ದು.

ಸ್ಪರ್ಧೆಗಳಲ್ಲಿ ಕೇಳಿಬರುವ ಪದ್ಯಗಳಲ್ಲಿ ದೊಡ್ಡ ಪಾಲು ‘ಹಿತೋಪದೇಶ’ದ ಮೂಲಕ ನಮಗೆ ಬಂದದ್ದು. ಅದರ ಕರ್ತೃ ನಾರಾಯಣ. ಆಶ್ರಯದಾತ ಧವಳಚಂದ್ರನೆಂಬ ಮಾಂಡಲಿಕ. ಕೃತಿ ಹುಟ್ಟಿದ್ದು ಬಂಗಾಳದಲ್ಲಿ ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ನೇಪಾಳದಲ್ಲಿ ದೊರೆತ ಅದರ ಹಳೆಯ ಹಸ್ತಪ್ರತಿ 1373ರದು. ಪಂಚತಂತ್ರದ ಐದು ತಂತ್ರಗಳನ್ನು ನಾರಾಯಣ ಮಿತ್ರಲಾಭ, ಸುಹೃದ್ಭೇದ, ವಿಗ್ರಹ, ಸಂಧಿ ಎಂದು ನಾಲ್ಕಾಗಿ ಮರುಜೋಡಿಸಿದ. ಕಥೆಗಳ ನಡುವೆ ಮಹಾಭಾರತ, ಧರ್ಮಶಾಸ್ತ್ರ, ಕಾಮಂದಕನ ನೀತಿಸಾರ ಮೊದಲಾದ ಕಡೆಗಳಿಂದ ಪದ್ಯಗಳನ್ನು ಹೆಕ್ಕಿ ಪೋಣಿಸಿದ.

ಆ ಪುಸ್ತಕದ ಆರಂಭದಲ್ಲಿಯೇ ಬರುವ ಚಿನ್ನದ ಬಳೆಯ ಹುಲಿಯ ಕಥೆ ಎಲ್ಲರಿಗೂ ಗೊತ್ತು. ಮುದಿಹುಲಿಯೊಂದು ಸ್ನಾನ ಮಾಡಿ, ಕೈಯಲ್ಲಿ ದರ್ಭೆ ಹಿಡಿದು, ಕೊಳದ ದಡದಲ್ಲಿ ಕುಳಿತು, ದಾರಿಹೋಕನಿಗೆ ಚಿನ್ನದ ಬಳೆಯನ್ನು ದಾನಮಾಡುವುದಾಗಿ ಕರೆಯುತ್ತದೆ. ನಂಬಿಸಲು ಅದು ಬಳಸುವ ಸಾಧನ ಯಾವುದು? ಸುಭಾಷಿತ. ಧರ್ಮದ ಎಂಟು ಮಾರ್ಗಗಳನ್ನು ಎಣಿಸುವ ಪದ್ಯ, ಪರರ ಸ್ತ್ರೀಯನ್ನೂ ಪರರ ಸ್ವತ್ತನ್ನೂ ಪಂಡಿತನಾದವನು ಹೇಗೆ ಕಾಣಬೇಕೆಂಬ ಆ ಪ್ರಸಿದ್ಧ ಪದ್ಯ, ಇಲ್ಲದವರಿಗೇ ಕೊಡಬೇಕೆಂದು ಹೇಳುವ ಮಹಾಭಾರತದ ಪದ್ಯ — ಇವನ್ನೆಲ್ಲ ಒಂದರ ಮೇಲೊಂದರಂತೆ ಹುಲಿ ಹೇಳುತ್ತದೆ. ನಮ್ಮ ಮಕ್ಕಳು ಬಹುಮಾನ ಪಡೆಯುವ ಪದ್ಯಗಳು ಇವೇ. ದಾರಿಹೋಕ ಕೊಳಕ್ಕಿಳಿಯುತ್ತಾನೆ, ಕೆಸರಿನಲ್ಲಿ ಹೂಳುತ್ತಾನೆ, ಹುಲಿ ಅವನನ್ನು ಎತ್ತುವ ನೆಪದಲ್ಲಿ ಹಿಡಿದು ತಿನ್ನುತ್ತದೆ. (ಈ ಹುಲಿ ‘ದಕ್ಷಿಣಾರಣ್ಯ’ದ್ದೆಂದು ನಾರಾಯಣ ಹೇಳುತ್ತಾನೆ. ಸುಂದರಬನದ ಹುಲಿಯನ್ನು ನೆರೆಯಲ್ಲೇ ಇಟ್ಟುಕೊಂಡ ಬಂಗಾಳಿಗೆ ವಂಚಕ ಹುಲಿ ಬೇಕಾದಾಗ ದಕ್ಷಿಣವೇ ನೆನಪಾಯಿತೇ ಎಂದು ನನ್ನ ಬಂಗಾಳಿ ಮಿತ್ರರನ್ನು ನಾನು ಕೆಣಕುವುದುಂಟು.)

ಇನ್ನೊಂದು ಕಥೆ ಭಾಗೀರಥೀ ತೀರದ್ದು, ಎಂದರೆ ನಾವು ಹೂಗ್ಲಿ ಎಂದು ಕರೆಯುವ ಈ ನದಿಯದೇ ದಡದ್ದೆಂದು ಬೇಕಾದರೆ ಭಾವಿಸಬಹುದು. ದೀರ್ಘಕರ್ಣನೆಂಬ ಬೆಕ್ಕು, ಜರದ್ಗವನೆಂಬ ಕುರುಡು ಮುದಿಹದ್ದಿನ ಮುಂದೆ ಅತಿಥಿಧರ್ಮವನ್ನೂ ಅಹಿಂಸೆಯನ್ನೂ ಪದ್ಯಪದ್ಯಗಳಲ್ಲಿ ಬೋಧಿಸಿ, ಮರದ ಪೊಟರೆಯಲ್ಲಿ ಜಾಗ ಗಿಟ್ಟಿಸಿಕೊಂಡು, ಹಕ್ಕಿಮರಿಗಳನ್ನು ಒಂದೊಂದಾಗಿ ತಿಂದು ಮುಗಿಸುತ್ತದೆ. ಮೂಳೆಗಳು ಸಿಕ್ಕಿದ್ದು ಹದ್ದಿನ ಪೊಟರೆಯಲ್ಲಿ, ಸತ್ತದ್ದು ಹದ್ದು. ಈ ಕಥೆಯನ್ನು ಹೇಳುವುದು ಸುಬುದ್ಧಿಯೆಂಬ ಕಾಗೆ. ತನ್ನ ಮಿತ್ರನಾದ ಜಿಂಕೆಯ ಬಳಿಗೆ ಸ್ನೇಹ ಬೇಡಿ ಬಂದ ನರಿಯನ್ನು ದೂರವಿಡಲು. ಕುಲಶೀಲ ಗೊತ್ತಿಲ್ಲದವನಿಗೆ ಮನೆಯಲ್ಲಿ ಎಡೆಗೊಡಬಾರದೆಂಬುದು ಕಾಗೆಯ ವಾದ. ಆಗ ನರಿ ಕೊಡುವ ಉತ್ತರವೇ ತನ್ನವರು, ಪರರು ಎಂಬ ಎಣಿಕೆ ಅಲ್ಪಮತಿಗಳದು, ಉದಾರಿಗಳಿಗೆ ವಸುಧೆಯೇ ಕುಟುಂಬವೆಂಬ ಅರ್ಥದ ಪದ್ಯ. 2023ರಲ್ಲಿ ಜಿ-20 ರಾಷ್ಟ್ರಗಳ ಸಮ್ಮೇಳನಕ್ಕೆ ಭಾರತ ಧ್ಯೇಯವಾಕ್ಯವಾಗಿ ಆರಿಸಿಕೊಂಡದ್ದು ಈ ಭಾವವನ್ನೇ. ಹಿತೋಪದೇಶದಲ್ಲಿ ಅದನ್ನಾಡುವ ನರಿಯ ಹೆಸರು ಕ್ಷುದ್ರಬುದ್ಧಿ. ಅದರ ಉದ್ದೇಶ ಜಿಂಕೆಯ ಮಾಂಸ.

ಇದನ್ನು ಹಿಡಿದುಕೊಂಡು ಆ ಪದ್ಯವೇ ಪೊಳ್ಳು, ಮೋಸಗಾರರ ಮಂತ್ರ ಎಂದು ಹೇಳುವವರೂ ಈಚೆಗೆ ಇದ್ದಾರೆ. ಅದು ದುಡುಕಿನ ಮಾತು. ಪಂಚತಂತ್ರದಲ್ಲಿ ಆ ಪದ್ಯ ಬೇರೆ ಸಂದರ್ಭದಲ್ಲಿ, ಬೇರೆ ಬಾಯಿಯಲ್ಲಿ, ನಿಜವಾದ ಔದಾರ್ಯದಿಂದಲೇ ಬರುತ್ತದೆ, ಮಹೋಪನಿಷತ್ತಿನಲ್ಲಿಯೂ ಇದೆ. ಹಿತೋಪದೇಶದಲ್ಲಿ ಕೂಡ ನರಿಯ ತರ್ಕದಲ್ಲಿ ದೋಷವಿಲ್ಲ. ಜಿಂಕೆಯನ್ನು ಮೊದಲ ದಿನ ಕಂಡಾಗ ನೀನೂ ಕುಲಶೀಲ ಗೊತ್ತಿಲ್ಲದವನೇ ಆಗಿದ್ದೆಯಲ್ಲ ಎಂದು ನರಿ ಕಾಗೆಯನ್ನು ಕೇಳುತ್ತದೆ. ಆ ಪ್ರಶ್ನೆಗೆ ಕಾಗೆಯಲ್ಲಿ ಉತ್ತರವಿಲ್ಲ. ಹೊರನಾಡಿನಲ್ಲಿ ಬಾಡಿಗೆ ಮನೆ ಹುಡುಕಿದ ಯಾವನಿಗಾದರೂ ಈ ಸಂವಾದ ಕಥೆಯೆನಿಸಲಾರದು. ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದು, ಲೇಕ್ ಮಾರ್ಕೆಟ್ಟಿನ ಸುತ್ತ ಮನೆ ಕೇಳುತ್ತ ಅಲೆದ ನಮ್ಮ ಹಿರಿಯರನೇಕರು ಕಾಗೆಯ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟವರು: ಯಾವ ಊರು, ಯಾವ ಜಾತಿ, ಮೀನು ತಿನ್ನುವಿರೋ ಇಲ್ಲವೋ. 2012ರ ಆಗಸ್ಟಿನಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯ ಭಾರತದ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದಾಗ ಕಾಗೆಯ ಸ್ಥಾನದಲ್ಲಿದ್ದವರು ನಾವು, ನಮ್ಮ ನಾಡಿನವರು. ಒಂದೇ ಪದ್ಯ ಆಶ್ರಯ ಬೇಡುವವನ ಬಾಯಿಯಲ್ಲಿ ಒಂದಾಗುತ್ತದೆ, ಆಶ್ರಯ ಕೊಡಬೇಕಾದವನ ಬಾಯಿಯಲ್ಲಿ ಇನ್ನೊಂದಾಗುತ್ತದೆ, ತಿನ್ನಬಂದವನ ಬಾಯಿಯಲ್ಲಿ ಮತ್ತೊಂದು. ನಾರಾಯಣ ಇದನ್ನು ಬಲ್ಲ. ಅವನು ಕಲಿಸಿದ್ದು ಪದ್ಯವನ್ನಲ್ಲ, ಪದ್ಯವನ್ನು ಕೇಳುವ ಬಗೆಯನ್ನು.

ಬಾಯಿಯನ್ನು ಕಳೆದುಕೊಂಡ ಪದ್ಯ ಏನು ಮಾಡಬಲ್ಲುದೆಂಬುದಕ್ಕೆ ನಾನೇ ಕಂಡ ಒಂದು ನಿದರ್ಶನ ಸಾಕು. ಕೆಲವು ವರ್ಷಗಳ ಹಿಂದೆ ಒಂದು ಸ್ಪರ್ಧೆಯಲ್ಲಿ ಎಂಟು ವರ್ಷದ ಬಾಲೆಯೊಬ್ಬಳು, ನಂಬಬಾರದವುಗಳ ಪಟ್ಟಿ ಕೊಡುವ ಪದ್ಯವನ್ನು ಅತ್ಯಂತ ಸ್ಫುಟವಾಗಿ ಹೇಳಿ ಮೊದಲ ಬಹುಮಾನ ಪಡೆದಳು. ನದಿ, ಆಯುಧಪಾಣಿಗಳು, ಉಗುರು ಕೊಂಬುಗಳ ಪ್ರಾಣಿಗಳು, ಅರಮನೆಯವರು — ಇವರ ಸಾಲಿನಲ್ಲಿ ಆ ಪದ್ಯ ಹೆಂಗಸರನ್ನೂ ಸೇರಿಸುತ್ತದೆ. ಸಭೆ ಚಪ್ಪಾಳೆ ತಟ್ಟಿತು. ಮಗುವಿಗೆ ಅರ್ಥ ಗೊತ್ತಿರಲಿಲ್ಲ. ಗೊತ್ತಿದ್ದ ದೊಡ್ಡವರು ಅದನ್ನು ಗಮನಿಸಲಿಲ್ಲ. ಈ ಪದ್ಯ ಹಿತೋಪದೇಶದಲ್ಲಿ ಬರುವುದು ಎಲ್ಲಿ ಗೊತ್ತೆ? ಅದೇ ಹುಲಿಯ ಕಥೆಯಲ್ಲಿ, ಹುಲಿಯ ಹಿಡಿತಕ್ಕೆ ಸಿಕ್ಕಿದ ಆ ದಾರಿಹೋಕನ ಕೊನೆಯ ಚಿಂತನೆಯಾಗಿ. ಚಿನ್ನದ ಬಳೆಯ ಆಸೆಗೆ ತಾನೇ ಕೆಸರಿಗಿಳಿದವನು, ಗಂಡು ಹುಲಿಯೊಂದು ತನ್ನ ಕತ್ತಿಗೆ ಬಾಯಿ ಹಾಕುತ್ತಿರುವಾಗ, ಹೆಂಗಸರನ್ನು ನಂಬಬಾರದೆಂದು ಪಶ್ಚಾತ್ತಾಪ ಪಡುತ್ತಾನೆ! ಆ ಕಥೆಯಲ್ಲಿ ಹೆಂಗಸೇ ಇಲ್ಲ. ಹುಲಿಯ ಸತ್ತ ಹೆಂಡತಿಯ ಉಲ್ಲೇಖವೊಂದನ್ನು ಬಿಟ್ಟರೆ. ನಾರಾಯಣ ಇದನ್ನು ನಗೆಗಾಗಿ ಇಟ್ಟನೋ ಅಭ್ಯಾಸದಿಂದ ಇಟ್ಟನೋ ಹೇಳುವುದು ಕಷ್ಟ. ಆದರೆ ಕಥೆಯೊಡನೆ ಓದಿದವನಿಗೆ ನಗು ಬರುತ್ತದೆ, ಕಥೆಯಿಲ್ಲದೆ ಓದಿದವನಿಗೆ ಅದು ಆರ್ಷವಾಕ್ಯವಾಗುತ್ತದೆ.

ಪದ್ಯಗಳನ್ನು ಕಥೆಯಿಂದ ಬಿಡಿಸುವ ಕೆಲಸವನ್ನು ಮುದ್ರಣಯಂತ್ರ ಮೊದಲು ಮಾಡಿತೆಂದು ಹೇಳಿದರೆ ತಪ್ಪಾಗುತ್ತದೆ. ಬಂಗಾಳದ ಪಾಠಶಾಲೆಗಳಲ್ಲಿ ಚಾಣಕ್ಯಶ್ಲೋಕಗಳೂ ನಮ್ಮ ಕೂಲಿಮಠಗಳಲ್ಲಿ ಸೋಮೇಶ್ವರ ಶತಕವೂ ಬಿಡಿಬಿಡಿಯಾಗಿಯೇ ಬಾಯಿಪಾಠವಾಗುತ್ತಿದ್ದವು. ಆದರೆ ನೀತಿಗ್ರಂಥವನ್ನು ಆಡಳಿತದ ಪಠ್ಯವನ್ನಾಗಿ ಮಾಡಿದ್ದು ಮಾತ್ರ ಈ ನಗರ. 1800ರಲ್ಲಿ ಕಲ್ಕತ್ತೆಯಲ್ಲಿ ಫೋರ್ಟ್ ವಿಲಿಯಂ ಕಾಲೇಜು ಸ್ಥಾಪನೆಯಾಯಿತು, ಕಂಪನಿಯ ಎಳೆಯ ಅಧಿಕಾರಿಗಳಿಗೆ ದೇಶಭಾಷೆಗಳನ್ನು ಕಲಿಸಲು. 1804ರಲ್ಲಿ ನದಿಯ ಮೇಲ್ಭಾಗದ ಶ್ರೀರಾಮಪುರದ ಮಿಷನ್ ಮುದ್ರಣಾಲಯದಲ್ಲಿ ವಿಲಿಯಂ ಕೇರಿ ಹಿತೋಪದೇಶದ ಸಂಸ್ಕೃತ ಮೂಲವನ್ನು ಅಚ್ಚು ಹಾಕಿಸಿದ, ಪ್ರಸ್ತಾವನೆ ಕೋಲ್‌ಬ್ರೂಕನದು, ಅದೇ ಸಂಪುಟದಲ್ಲಿ ದಶಕುಮಾರಚರಿತದ ಸಂಗ್ರಹ ಮತ್ತು ಭರ್ತೃಹರಿಯ ಮೂರು ಶತಕಗಳು. ರಾಜಪುತ್ರರನ್ನು ಆರು ತಿಂಗಳಲ್ಲಿ ನೀತಿಜ್ಞರನ್ನಾಗಿ ಮಾಡುವ ಪ್ರತಿಜ್ಞೆಯೊಡನೆ ಆರಂಭವಾಗುವ ಗ್ರಂಥ, ತೆರಿಗೆ ಎತ್ತಲು ಬಂದ ಇಂಗ್ಲಿಷ್ ಹುಡುಗರ ಪಠ್ಯವಾಯಿತು. ಕೈಯಲ್ಲಿ ಬಳೆ ಹಿಡಿದು ದಡದಲ್ಲಿ ಕುಳಿತವರು ಯಾರು, ಕೆಸರಿಗಿಳಿದವರು ಯಾರು ಎಂಬುದನ್ನು ಓದುಗರೇ ತೀರ್ಮಾನಿಸಲಿ.

ಇದರ ಮುಂದಿನ ಅಧ್ಯಾಯ ಈಶ್ವರಚಂದ್ರ ವಿದ್ಯಾಸಾಗರರದು. 1824ರಲ್ಲಿ ಆರಂಭವಾದ ಸಂಸ್ಕೃತ ಕಾಲೇಜಿಗೆ ಅವರು 1851ರಲ್ಲಿ ಪ್ರಾಂಶುಪಾಲರಾದರು. ಬ್ರಾಹ್ಮಣ, ವೈದ್ಯ ಕುಲಗಳ ಹುಡುಗರಿಗೆ ಮಾತ್ರ ತೆರೆದಿದ್ದ ಬಾಗಿಲನ್ನು ಕಾಯಸ್ಥರಿಗೂ ಆಮೇಲೆ ಇನ್ನೂ ಕೆಲವರಿಗೂ ತೆರೆಸಿದರು. 1855ರಲ್ಲಿ ಬಂದ ಅವರ ‘ವರ್ಣಪರಿಚಯ’ದಿಂದಲೇ ಬಂಗಾಳಿ ಮಕ್ಕಳು ತಲೆತಲಾಂತರದಿಂದ ಅಕ್ಷರ ಕಲಿತಿದ್ದಾರೆ. ಅದರಲ್ಲಿ ಹೇಳಿದ ಮಾತು ಕೇಳುವ ಗೋಪಾಲನೂ ಕೇಳದ ರಾಖಾಲನೂ ಇದ್ದಾರೆ. ಸುಭಾಷಿತದ ಸಜ್ಜನ-ದುರ್ಜನ ಪದ್ಧತಿ ಮಕ್ಕಳ ಗಾತ್ರಕ್ಕೆ ಇಳಿದದ್ದು ಹೀಗೆ. ವಿಧೇಯತೆಯೇ ನೀತಿಯಾಗಿಬಿಟ್ಟಿತೆಂಬ ಆಕ್ಷೇಪಣೆ ಇದಕ್ಕೆ ಅಂಟಿಕೊಂಡೇ ಬಂದಿದೆ. 1970ರಲ್ಲಿ ನಕ್ಸಲ್ ತರುಣರು ಕಾಲೇಜ್ ಸ್ಕ್ವೇರಿನ ವಿದ್ಯಾಸಾಗರ ಪ್ರತಿಮೆಯ ತಲೆಯನ್ನೇ ಹಾರಿಸಿದರು. ಅವರ ಕ್ರಮವನ್ನು ನಾನು ಒಪ್ಪಲಾರೆ. ಅವರಿಗಿಂತ ಎಷ್ಟೋ ಮೊದಲೇ, 1895ರಲ್ಲಿ, ರವೀಂದ್ರನಾಥರು ಇದಕ್ಕಿಂತ ಒಳ್ಳೆಯ ಏಟು ಕೊಟ್ಟಿದ್ದರು: ಗೋಪಾಲನನ್ನು ಆದರ್ಶವಾಗಿ ನಿಲ್ಲಿಸಿದ ವಿದ್ಯಾಸಾಗರರು ತಾವು ಬಾಲ್ಯದಲ್ಲಿ ರಾಖಾಲನನ್ನೇ ಹೋಲುತ್ತಿದ್ದರೆಂದು ಅವರು ಪ್ರೀತಿಯಿಂದ ಬರೆದರು.

ಆದರೆ ಅದೇ 1855ರಲ್ಲಿ ವಿದ್ಯಾಸಾಗರರು ಮಾಡಿದ ಇನ್ನೊಂದು ಕೆಲಸವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಪರಾಶರಸ್ಮೃತಿಯ ಒಂದು ಶ್ಲೋಕವನ್ನು ಹಿಡಿದು, ಗಂಡ ಸತ್ತವಳಿಗೆ ಮರುಮದುವೆ ಶಾಸ್ತ್ರಸಮ್ಮತವೆಂದು ಅವರು ಎರಡು ಪುಸ್ತಿಕೆಗಳನ್ನು ಬರೆದರು. ಮರುವರ್ಷ, 1856ರಲ್ಲಿ, ಕಾನೂನು ಬಂತು. ಸ್ಮೃತಿ ಕಾವ್ಯವಲ್ಲವೆಂದು ಪಂಡಿತರು ಹೇಳಬಹುದು, ಸರಿಯೇ. ನಾನು ಹೇಳುವುದು ಓದುವ ರೀತಿಯ ಬಗ್ಗೆ. ಸಂಸ್ಕೃತ ಬಲ್ಲ ನೂರಾರು ಮಂದಿಗೆ ಆ ಶ್ಲೋಕ ಕಂಠಸ್ಥವಾಗಿತ್ತು. ಅದು ಯಾರಿಗಾಗಿ ನುಡಿದ ಮಾತು ಎಂದು ಕೇಳಿದವರು ಅವರು. ಮನೆಮನೆಯ ಬಾಲವಿಧವೆಯರ ಎದುರು ನಿಂತು ಓದಿದಾಗ ಒಂದೇ ಶ್ಲೋಕ ಶಾಸನವಾಗಿ ಬದಲಾಯಿತು.

ಹಿಂದಕ್ಕೆ ಹೋದಷ್ಟೂ ಈ ‘ಯಾರ ಬಾಯಿ’ ಎಂಬ ಪ್ರಶ್ನೆ ಸ್ಪಷ್ಟವಾಗಿಯೇ ಕಾಣುತ್ತದೆ. ಋಗ್ವೇದದ ಹತ್ತನೆಯ ಮಂಡಲದ ಮೂವತ್ತನಾಲ್ಕನೆಯ ಸೂಕ್ತದಲ್ಲಿ ಜೂಜು ಕೆಟ್ಟದ್ದೆಂದು ಹೇಳುವವನು ಗುರುವಲ್ಲ, ಹೆಂಡತಿಯನ್ನೂ ಮನೆಯನ್ನೂ ಕಳೆದುಕೊಂಡು ರಾತ್ರಿ ಪರರ ಬೆಂಕಿಯ ಬಳಿ ನಿಂತ ಜೂಜುಗಾರನೇ. ಅಶ್ವಘೋಷ ‘ಸೌಂದರನಂದ’ದ ಕೊನೆಯಲ್ಲಿ ತನ್ನ ಕಾವ್ಯವನ್ನು ಜೇನು ಬೆರೆಸಿದ ಔಷಧಿಗೆ ಹೋಲಿಸುತ್ತಾನೆ, ಆ ಕೃತಿ ನೇಪಾಳದ ಹಸ್ತಪ್ರತಿಗಳಿಂದ ಹೊರಬಂದು ಅಚ್ಚಾದದ್ದು ಇಲ್ಲಿಯೇ, ಪಾರ್ಕ್ ಸ್ಟ್ರೀಟಿನ ಏಷ್ಯಾಟಿಕ್ ಸೊಸೈಟಿಯ ಮಾಲೆಯಲ್ಲಿ, 1910ರಲ್ಲಿ, ಹರಪ್ರಸಾದ ಶಾಸ್ತ್ರಿಗಳ ಸಂಪಾದನೆಯಲ್ಲಿ. ಹನ್ನೊಂದನೆಯ ಶತಮಾನದ ಮಮ್ಮಟ ಇದನ್ನು ಶಾಸ್ತ್ರವಾಗಿ ಹೇಳಿದ: ವೇದ ಒಡೆಯನಂತೆ ಆಜ್ಞಾಪಿಸುತ್ತದೆ, ಪುರಾಣ ಗೆಳೆಯನಂತೆ ತಿಳಿಹೇಳುತ್ತದೆ, ಕಾವ್ಯ ಕಾಂತೆಯಂತೆ ಒಲಿಸಿ ಉಪದೇಶಿಸುತ್ತದೆ. ಒಂದು ಕಡೆ ಕಾವ್ಯದ ಉಪದೇಶವನ್ನೇ ಹೆಂಡತಿಯ ಮಾತಿಗೆ ಹೋಲಿಸುವ ಪರಂಪರೆ, ಇನ್ನೊಂದು ಕಡೆ ಹೆಣ್ಣಿನ ಮಾತನ್ನು ನಂಬಬೇಡವೆನ್ನುವ ಪದ್ಯಗಳನ್ನು ರಾಶಿ ಹಾಕಿದೆ. ನಾವು ಮಕ್ಕಳಿಗೆ ಮಮ್ಮಟನನ್ನು ಹೇಳುವುದಿಲ್ಲ, ರಾಶಿಯಿಂದ ಹೆಕ್ಕಿ ಕೊಡುತ್ತೇವೆ.

ಬಂಗಾಳ ಸಂಸ್ಕೃತಕ್ಕೆ ಕೊಟ್ಟ ಅತಿದೊಡ್ಡ ಕೊಡುಗೆ ಎರಡು ಸುಭಾಷಿತ ಸಂಕಲನಗಳೆಂದು ನನ್ನ ಅಭಿಪ್ರಾಯ. ಗೀತಗೋವಿಂದದ ಭಕ್ತರು ಕ್ಷಮಿಸಬೇಕು. ಮೊದಲನೆಯದು 1100ರ ಸುಮಾರಿಗೆ ವರೇಂದ್ರದ ಜಗದ್ದಲ ವಿಹಾರದಲ್ಲಿ ವಿದ್ಯಾಕರನೆಂಬ ಬೌದ್ಧ ಪಂಡಿತ ಸಂಕಲಿಸಿದ ‘ಸುಭಾಷಿತರತ್ನಕೋಶ’: ಐವತ್ತು ವಿಭಾಗ, 1,738 ಪದ್ಯ. ಅದರ ಒಂದು ಅಪೂರ್ಣ ಪ್ರತಿ 1912ರಲ್ಲಿ ‘ಕವೀಂದ್ರವಚನಸಮುಚ್ಚಯ’ವೆಂಬ ಊಹೆಯ ಹೆಸರಿನಲ್ಲಿ ಕಲ್ಕತ್ತೆಯಲ್ಲಿ ಪ್ರಕಟವಾಗಿತ್ತು. ಟಿಬೆಟ್ಟಿನ ಮಠದಲ್ಲಿ ಉಳಿದಿದ್ದ ಪ್ರತಿಯ ನೆರವಿನಿಂದ ಡಿ. ಡಿ. ಕೋಸಂಬಿ ಮತ್ತು ವಿ. ವಿ. ಗೋಖಲೆ 1957ರಲ್ಲಿ ಪೂರ್ಣ ಪಾಠವನ್ನು ಹೊರತಂದರು. ಇದರಲ್ಲಿ ದೇವತಾಸ್ತುತಿ, ಋತುವರ್ಣನೆ, ಶೃಂಗಾರ ಎಲ್ಲವೂ ಇವೆ. ಸಜ್ಜನ, ದುರ್ಜನ ವಿಭಾಗಗಳೂ ಇವೆ. ಅವುಗಳ ಪಕ್ಕದಲ್ಲಿ ವಿದ್ಯಾಕರ ದೀನರದೊಂದು ವಿಭಾಗವನ್ನು ಇಟ್ಟಿದ್ದಾನೆ.

ಅಲ್ಲಿ ಒಬ್ಬ ಬಡ ಗೃಹಸ್ಥ ಮಾತಾಡುತ್ತಾನೆ. ಮಕ್ಕಳು ಹಸಿವಿನಿಂದ ಹೆಣದಂತಾಗಿವೆ. ನಂಟರು ಮುಖ ತಿರುಗಿಸಿದ್ದಾರೆ. ಮನೆಯಲ್ಲಿರುವ ಒಂದೇ ಒಡಕು ಪಾತ್ರೆಗೆ ಅರಗಿನ ತೇಪೆ ಹಾಕಿದೆ. ಇವುಗಳಲ್ಲಿ ಯಾವುದೂ ತನ್ನನ್ನು ಅಷ್ಟು ನೋಯಿಸುವುದಿಲ್ಲವೆನ್ನುತ್ತಾನೆ. ನೋಯಿಸುವುದು, ಹರಿದ ಬಟ್ಟೆ ಹೊಲಿಯಲು ತನ್ನ ಹೆಂಡತಿ ಸೂಜಿ ಕೇಳಿದಾಗ ನೆರೆಮನೆಯವಳ ಮುಖದಲ್ಲಿ ಮೂಡಿದ ಕೋಪದ ಕೊಂಕುನಗೆ. ಪದ್ಯ ಅಲ್ಲಿಗೆ ಮುಗಿಯುತ್ತದೆ. ದಾನ ಮಾಡು ಎಂಬ ಒಂದು ಮಾತಿಲ್ಲ, ಬಡವರನ್ನು ನಿಂದಿಸಬೇಡ ಎಂಬ ವಿಧಿವಾಕ್ಯವಿಲ್ಲ. ಆದರೂ ಇದನ್ನು ಓದಿದ ಮೇಲೆ, ಕೆಲಸಕ್ಕೆ ಬರುವಾಕೆ ಸಂಬಳಕ್ಕೆ ಮುಂಚೆ ನೂರು ರೂಪಾಯಿ ಕೇಳಿದಾಗ ನನ್ನ ಮುಖ ಹೇಗಿತ್ತೆಂದು ಯೋಚಿಸುವ ಅಭ್ಯಾಸ ನನಗಾಗಿದೆ. ದಾನದ ಮಹಿಮೆಯನ್ನು ಸಾರುವ ಹುಲಿಯ ಪದ್ಯಗಳಿಂದ ಅದು ಆಗಿರಲಿಲ್ಲ.

ಈ ಸಂಕಲನದ ಬಗ್ಗೆ ಕೋಸಂಬಿಯವರಿಗೂ ಅದನ್ನು 1965ರಲ್ಲಿ ಇಂಗ್ಲಿಷಿಗೆ ತಂದ ಡ್ಯಾನಿಯಲ್ ಇಂಗಾಲ್ಸ್ ಅವರಿಗೂ ನಡೆದ ವಿವಾದ ಪ್ರಸಿದ್ಧ. ಈ ಕಾವ್ಯ ಆಳುವ ವರ್ಗದ ಆಶ್ರಯದಲ್ಲಿ ಬೆಳೆದು ಅದರ ಮಿತಿಗಳನ್ನು ಹೊತ್ತುಕೊಂಡಿತೆಂಬುದು ಮಾರ್ಕ್ಸ್‌ವಾದಿ ಕೋಸಂಬಿಯವರ ವಾದ. ಕಾವ್ಯವನ್ನು ಹಾಗೆ ಅಳೆಯಬಾರದೆಂಬುದು ಇಂಗಾಲ್ಸರದು. ನನಗೆ ಕೋಸಂಬಿಯವರ ಪ್ರಶ್ನೆಯೂ ಇಂಗಾಲ್ಸರ ಕಿವಿಯೂ ಬೇಕೆನಿಸುತ್ತದೆ. ಭರ್ತೃಹರಿಯ ವಿಷಯದಲ್ಲಂತೂ ಕೋಸಂಬಿಯವರ ಋಣ ದೊಡ್ಡದು. ಮುನ್ನೂರಕ್ಕೂ ಹೆಚ್ಚು ಹಸ್ತಪ್ರತಿಗಳನ್ನು ಪರಿಶೀಲಿಸಿ 1948ರಲ್ಲಿ ಅವರು ತೋರಿಸಿಕೊಟ್ಟಂತೆ, ಎಲ್ಲ ಪಾಠಪರಂಪರೆಗಳಿಗೂ ಸಾಮಾನ್ಯವಾದ ಪದ್ಯಗಳು ಇನ್ನೂರರಷ್ಟು ಮಾತ್ರ. ಮಿಕ್ಕ ನೂರಾರು ಪದ್ಯಗಳನ್ನು ಬೇರೆ ಬೇರೆ ಕಾಲದ ಬಾಯಿಗಳು ಭರ್ತೃಹರಿಯ ಹೆಸರಿಗೆ ಸೇರಿಸಿದವು.

ವಿದ್ಯಾಕರನ ಸಂಕಲನದಲ್ಲಿ ವಿದ್ಯಾ ಎಂಬ ಕವಯಿತ್ರಿಯ ಪದ್ಯಗಳಿವೆ. ಈಕೆಯನ್ನು ಹಲವು ವಿದ್ವಾಂಸರು ವಿಜ್ಜಿಕೆಯೆಂದು ಗುರುತಿಸುತ್ತಾರೆ. ರಾಜಶೇಖರನ ಹೆಸರಿನಲ್ಲಿರುವ ಪದ್ಯವೊಂದು ಕರ್ಣಾಟದ ಸರಸ್ವತಿಯೆಂದು ಹೊಗಳುವುದು ಈಕೆಯನ್ನೇ ಎಂದೂ ಹೇಳುತ್ತಾರೆ. ಸರಸ್ವತಿ ಅಚ್ಚ ಬಿಳುಪಿನವಳೆಂದು ವರ್ಣಿಸಿದ ದಂಡಿಯನ್ನು, ಕಪ್ಪು ಮೈಬಣ್ಣದ ತನ್ನನ್ನು ಅರಿಯದೆ ಆಡಿದ ಮಾತೆಂದು ಈಕೆ ಹಾಸ್ಯ ಮಾಡಿದಳೆಂಬುದು ಪ್ರಸಿದ್ಧ ಪದ್ಯವೊಂದರ ಸಾರ. ಸ್ಪರ್ಧೆಯಲ್ಲಿ ನಮ್ಮ ಹೆಣ್ಣುಮಕ್ಕಳು ಇದನ್ನು ಹೇಳಿದ್ದನ್ನು ನಾನಿನ್ನೂ ಕೇಳಿಲ್ಲ.

ಎರಡನೆಯ ಸಂಕಲನ 1205ರ ‘ಸದುಕ್ತಿಕರ್ಣಾಮೃತ’. ಸಂಕಲಿಸಿದವನು ಮಹಾಮಾಂಡಲಿಕ ಶ್ರೀಧರದಾಸ, ದೊರೆ ಲಕ್ಷ್ಮಣಸೇನ. ಇಲ್ಲಿಗೆ ಬಂದೊಡನೆ ನಮ್ಮ ಸಂಘಗಳ ಸ್ಮರಣಸಂಚಿಕೆಗಳು ರೋಮಾಂಚನಗೊಳ್ಳುತ್ತವೆ. ಏಕೆಂದರೆ ಬಂಗಾಳದ ಸೇನರಾಜರು ಕರ್ಣಾಟಮೂಲದವರು. ಅವರ ದೇವಪಾರಾ ಶಾಸನವೇ ಅದಕ್ಕೆ ಆಧಾರ. ಕಲ್ಯಾಣದ ಚಾಳುಕ್ಯ ವಿಕ್ರಮಾದಿತ್ಯನ ದಂಡಯಾತ್ರೆಗಳ ಜೊತೆ ಬಂದು ಇಲ್ಲಿ ನೆಲೆಸಿದವರಿರಬೇಕೆಂದು ಇತಿಹಾಸಕಾರರು ಊಹಿಸುತ್ತಾರೆ. ಬಂಗಾಳವನ್ನಾಳಿದ ಕನ್ನಡಿಗರೆಂದು ನಾವು ಹೆಮ್ಮೆಪಡುವುದಾದರೆ ಅವರ ಲೆಕ್ಕವನ್ನು ಪೂರ್ತಿಯಾಗಿ ಹೊರಬೇಕು. ಬಲ್ಲಾಳಸೇನನ ಹೆಸರಿನಲ್ಲಿ 1169ರಲ್ಲಿ ಪೂರ್ಣಗೊಂಡ ‘ದಾನಸಾಗರ’ವಿದೆ, ಯಾರಿಗೆ, ಯಾವಾಗ, ಏನನ್ನು ದಾನ ಕೊಡಬೇಕೆಂಬ ಮಹಾಗ್ರಂಥ. ಕುಲೀನಪದ್ಧತಿಯನ್ನು ಬಂಗಾಳದಲ್ಲಿ ಏರ್ಪಡಿಸಿದವನೂ ಅವನೇ ಎಂದು ಪರಂಪರೆ ಹೇಳುತ್ತದೆ, ಇತಿಹಾಸಕಾರರಲ್ಲಿ ಸಂದೇಹವಿದೆ. ಯಾರು ತಂದರೇನು, ಒಬ್ಬೊಬ್ಬ ಕುಲೀನ ಹತ್ತಾರು ಹೆಣ್ಣುಗಳನ್ನು ಮದುವೆಯಾಗಿ ತೌರಿನಲ್ಲೇ ಬಿಟ್ಟುಹೋಗುವ ಆ ಪದ್ಧತಿಯ ವಿರುದ್ಧ ವಿದ್ಯಾಸಾಗರರು 1871ರಲ್ಲಿಯೂ 1873ರಲ್ಲಿಯೂ ಪುಸ್ತಕ ಬರೆಯಬೇಕಾಯಿತು.

ಅದೇ ಹನ್ನೆರಡನೆಯ ಶತಮಾನದಲ್ಲಿ, ಸೇನರು ಬಿಟ್ಟುಬಂದ ನಾಡಿನ ಕಲ್ಯಾಣದಲ್ಲಿ, ನೀತಿಬೋಧೆ ಸಂಸ್ಕೃತದಿಂದ ಹೊರಗೆ ಕಾಲಿಟ್ಟಿತ್ತು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಆಯ್ದಕ್ಕಿ ಲಕ್ಕಮ್ಮ — ಇಲ್ಲಿ ಹೆಸರಿನಲ್ಲಿಯೇ ಬಾಯಿಯ ಗುರುತಿದೆ, ಕಸುಬಿದೆ, ಅಂಕಿತವಿಲ್ಲದೆ ವಚನವಿಲ್ಲ. ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬಾ ಎಂದ ಲಕ್ಕಮ್ಮನ ಮಾತಿಗಿಂತ ಉತ್ತಮವಾದ ಕಾಂತಾಸಮ್ಮಿತ ಮಮ್ಮಟನಿಗೂ ಸಿಕ್ಕಲಾರದು. ಸಂಸ್ಕೃತವನ್ನು ಕೆಳಗಿಳಿಸಲು ಇದನ್ನು ಹೇಳುತ್ತಿಲ್ಲ. ಕನ್ನಡಕ್ಕೆ ಪಂಚತಂತ್ರವನ್ನು 1031ರಲ್ಲಿಯೇ ತಂದ ದುರ್ಗಸಿಂಹ ಚಾಳುಕ್ಯ ಜಯಸಿಂಹನ ಸಂಧಿವಿಗ್ರಹಿ. ವಿಗ್ರಹ, ಸಂಧಿ ಎರಡನ್ನೂ ಕಣ್ಣಾರೆ ಕಂಡವನು. ಅವನಿಗೆ ಆ ಕಥೆಗಳಲ್ಲಿನ ಮಂತ್ರಿನರಿಗಳ ದನಿ ಪರಿಚಿತವಾಗಿಯೇ ಇದ್ದಿರಬೇಕು.

ಶ್ರೀಧರದಾಸನ ಸಂಕಲನ ಐದು ಪ್ರವಾಹಗಳಾಗಿ ಹರಿಯುತ್ತದೆ. ರಾಜರನ್ನು ಹೊಗಳುವ ಚಾಟುಪ್ರವಾಹ ಒಂದು. ಬಖ್ತಿಯಾರ್ ಖಲ್ಜಿಯ ಕುದುರೆಗಳು ನದಿಯಾಕ್ಕೆ ನುಗ್ಗಿ ಮುದಿ ಲಕ್ಷ್ಮಣಸೇನ ಪೂರ್ವಬಂಗಾಳಕ್ಕೆ ತಪ್ಪಿಸಿಕೊಂಡು ಒಂದೆರಡು ವರ್ಷವೂ ಆಗಿರದಾಗ ಆ ಹೊಗಳಿಕೆಗಳನ್ನು ಪ್ರತಿ ಮಾಡಿದ ಲಿಪಿಕಾರನಿಗೆ ಏನನಿಸಿತೋ! ಅದರ ಬೆನ್ನಲ್ಲೇ ಅಪದೇಶಪ್ರವಾಹ ಬರುತ್ತದೆ: ಕುಡಿಯಲಾಗದ ನೀರಿನ ಸಮುದ್ರ, ಹಾವು ಸುತ್ತಿದ ಗಂಧದ ಮರ, ಗುಡುಗಿ ಮಳೆಗರೆಯದ ಮೋಡ. ಅರಸನಿಗೆ ನೇರವಾಗಿ ಹೇಳಲಾಗದ್ದನ್ನು ಕವಿಗಳು ಇವುಗಳ ಮರೆಯಲ್ಲಿ ಹೇಳಿದರು. ರವೀಂದ್ರನಾಥರ ‘ಕಣಿಕಾ’ (1899) ಇದೇ ಕುಲದ ಕೂಸು. ನಮ್ಮ ನೆರೆಯ ಬಂಗಾಳಿ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ಕಡೆಯ ಉಚ್ಚಾವಚಪ್ರವಾಹದಲ್ಲಿ ಬಡ ಗೃಹಸ್ಥನಿಗೂ ಬಡ ಗೃಹಿಣಿಗೂ ಬೇರೆಬೇರೆಯಾಗಿ ಸ್ಥಾನವಿದೆ. ದಾನಸಾಗರ ಬರೆಸಿದ ಮನೆತನದ ಆಸ್ಥಾನದಲ್ಲಿಯೇ, ದಾನ ತಲಪದವರ ಪದ್ಯಗಳನ್ನು ಆ ಮಾಂಡಲಿಕ ಕೂಡಿಟ್ಟ.

ಇನ್ನು ಕ್ಷೇಮೇಂದ್ರ, ನೀಲಕಂಠ ದೀಕ್ಷಿತ ಮೊದಲಾದ ವಿಡಂಬನಕಾರರ ಬಗ್ಗೆ ಬರೆದರೆ ಈ ಸಂಚಿಕೆ ಸಾಲದು. ಕುಲ, ವಿತ್ತ, ವಿದ್ಯೆ, ರೂಪ, ಶೌರ್ಯ, ದಾನ, ತಪಸ್ಸು ಎಂಬ ಏಳು ಮದಗಳನ್ನು ಕ್ಷೇಮೇಂದ್ರ ‘ದರ್ಪದಲನ’ದಲ್ಲಿ ಎಣಿಸುತ್ತಾನೆ, ದಾನ, ತಪಸ್ಸುಗಳನ್ನೂ ಬಿಟ್ಟಿಲ್ಲವೆಂಬುದನ್ನು ಗಮನಿಸಬೇಕು. ಅವನ ‘ದೇಶೋಪದೇಶ’ದಲ್ಲಿ ಕಾಶ್ಮೀರಕ್ಕೆ ಓದಲು ಬಂದ ಗೌಡದೇಶದ, ಎಂದರೆ ಬಂಗಾಳದ, ವಿದ್ಯಾರ್ಥಿಯ ಮೇಲೊಂದು ಅಧ್ಯಾಯವೇ ಇದೆ. ಪರದೇಶದ ವಿದ್ಯಾರ್ಥಿಯನ್ನು ಕಂಡು ನಗುವ ಚಟ ಬಹಳ ಹಳೆಯದು. ಹದಿನೇಳನೆಯ ಶತಮಾನದ ಮಧುರೆಯ ನೀಲಕಂಠ ದೀಕ್ಷಿತ ‘ಕಲಿವಿಡಂಬನ’ದಲ್ಲಿ ಜೋಯಿಸರಿಗೆ ಗೆಲುವಿನ ಉಪಾಯ ಕಲಿಸುತ್ತಾನೆ: ಹುಟ್ಟುವುದು ಗಂಡೆಂದು ತಂದೆಗೆ ಹೇಳಬೇಕು, ಹೆಣ್ಣೆಂದು ತಾಯಿಗೆ. ಇಲ್ಲಿ ಉಪದೇಶಿಸುವ ಬಾಯಿಯೇ ಅಣಕ.

ಆದುದರಿಂದ ಸಂಘದ ಮುಂದೆ ನನ್ನ ಸಲಹೆಗಳು ಇಷ್ಟು. ಸುಭಾಷಿತ ಸ್ಪರ್ಧೆಯನ್ನು ನಿಲ್ಲಿಸಬಾರದು. ಪದ್ಯ ಹೇಳಿದ ಮಗು ಅದನ್ನು ಯಾರು, ಯಾರಿಗೆ, ಏಕೆ ಹೇಳಿದರೆಂದು ಮೂರೇ ವಾಕ್ಯಗಳಲ್ಲಿ, ಕನ್ನಡದಲ್ಲಿ, ಹೇಳಬೇಕು. ಕನ್ನಡ ತೊದಲಿದರೂ ಸರಿ. ಬೇಕಾದರೆ ಪದ್ಯವನ್ನು ಒಪ್ಪುವುದಿಲ್ಲವೆಂದು ಹೇಳುವ ಹಕ್ಕೂ ಮಗುವಿಗಿರಬೇಕು. ಒಪ್ಪದ್ದಕ್ಕೆ ಸರ್ವಜ್ಞನದೋ ವಚನಕಾರರದೋ ರವೀಂದ್ರರದೋ ಪದ್ಯವೊಂದನ್ನು ಎದುರಿಟ್ಟರೆ ಇನ್ನೂ ಒಳ್ಳೆಯದು. ಕಾರ್ಯಕ್ರಮಕ್ಕೆ ನೆರೆಯ ಬಂಗಾಳಿ ಮಕ್ಕಳನ್ನೂ ಕರೆಯೋಣ. ಹಿತೋಪದೇಶ ಅವರ ಊರಿನದೇ. ಪಠ್ಯಪಟ್ಟಿಗೆ ವಿದ್ಯಾಕರನ ಸೂಜಿಯ ಪದ್ಯವನ್ನು ಸೇರಿಸಲು ನಾಗರಿ, ಕನ್ನಡ, ಬಂಗಾಳಿ ಮೂರು ಲಿಪಿಗಳಲ್ಲಿ ಬರೆದುಕೊಡಲು ನಾನು ಸಿದ್ಧನಿದ್ದೇನೆ. ಅಂಕಗಳ ವಿಷಯಕ್ಕೆ ಬಂದರೆ, ಹತ್ತರಲ್ಲಿ ಉಚ್ಚಾರಣೆಗೆ ಈಗ ಆರು ಮೀಸಲಿದೆ. ಅದನ್ನು ಮೂರಕ್ಕಿಳಿಸಿ, ಬಕಾರಕ್ಕೆ ಅಂಕ ಕಳೆಯುವುದನ್ನು ಮುಂದಿನ ವರ್ಷದಿಂದ ಕೈಬಿಡಬೇಕು.